ಮಳೆಗಾಲದಲ್ಲಿ ಕಾರಿನೊಳಗೆ ನೀರು ಕಂಡರೆ

ಮುಂಬೈಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಾರುಗಳೆಲ್ಲ ಮಳೆಮರದ ಕೆಳಗೇ ನಿಲ್ಲುತ್ತವೆ. ಜುಲೈ ಬಂತೆಂದರೆ ಎಡಗಡೆಯ ಮ್ಯಾಟ್ ಒದ್ದೆ ಎಂಬ ದೂರು ಶುರು. ಗ್ಯಾರೇಜಿಗೆ ಓಡುವ ಮೊದಲು ಕಾರ್ಪೆಟ್ಟಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಎಂದರೆ ಎಂಜಿನ್ ತಂಪಾಗಿಡುವ ದ್ರವ. ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ಹೇಳಿಕಳಿಸಿ.

ಬರೀ ನೀರೇ? ಒಣ ನೆಲದ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಎಸಿ ಹಾಕಿ, ಕಾರಿನಡಿ ಬಗ್ಗಿ ನೋಡಿ. ಮುಂಬೈಯ ತೇವದ ಗಾಳಿಗೆ ನೀರು ತೊಟ್ಟಿಕ್ಕಲೇಬೇಕು. ಹನಿಯೂ ಬೀಳದಿದ್ದರೆ ಎಸಿ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು. ತಂತಿ ತುರುಕಬೇಡಿ, ಕೊಳವೆ ಹರಿದೀತು. ಗ್ಯಾರೇಜಿನಲ್ಲಿ ಗಾಳಿ ಊದಿಸಿ.

ತೊಟ್ಟಿಕ್ಕುತ್ತಿದ್ದರೆ ಒಳಗೆ ಬಂದದ್ದು ಮಳೆನೀರಿರಬಹುದು. ಬಾನೆಟ್ ಎತ್ತಿ, ವೈಪರ್ ಬುಡದ ಜಾಲರಿಯಲ್ಲಿ ಸಿಕ್ಕ ಎಲೆ, ಮಳೆಮರದ ಗುಲಾಬಿ ಬಣ್ಣದ ಹೂವಿನ ಎಳೆಗಳನ್ನು ಬಾಚಿ ತೆಗೆಯಿರಿ. ಆಮೇಲೆ ಕಾರ್ಪೆಟ್ ಎತ್ತಿ, ಅಡಿಗೆ ಹಳೆಯ ಪತ್ರಿಕೆ ತುರುಕಿ ಒಣಗಿಸಿ. ಮುಗ್ಗಲು ವಾಸನೆಗೆ ಸುಗಂಧದ ಡಬ್ಬಿ ತೂಗುಹಾಕುವವರಿಗೆ ನನ್ನದೊಂದು ನಮಸ್ಕಾರ.