ಗ್ಯಾರೇಜಿನಲ್ಲಿ ತೋಟಾ ತುಂಬುವವರೇ, ಸೀಸದ ಧೂಳಿನ ಬಗ್ಗೆ ಎಚ್ಚರ

ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಅಮೆರಿಕಕ್ಕೆ ಬಂದ ನಮಗೆ ಕೋವಿ ಹೊಸದಲ್ಲ. ನಮ್ಮ ತೋಟದ ಮನೆಯಲ್ಲೂ ಹಂದಿ ಕಾಟಕ್ಕೆಂದು ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು, ಅಂದರೆ ಹಾರಿಸಿದ ತೋಟಾದ ಖಾಲಿ ಕವಚಕ್ಕೆ ಹೊಸ ಮದ್ದು, ಗುಂಡು ಸೇರಿಸಿ ಮತ್ತೆ ತೋಟಾ ಮಾಡಿಕೊಳ್ಳಲು, ಕೇಂದ್ರದ ಲೈಸೆನ್ಸೇ ಬೇಡ. ತುಂಬಿ ಮಾರುವ ವ್ಯಾಪಾರಕ್ಕೆ ಬೇಕು. ರಾಜ್ಯದ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ.

ಅದಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಕೆಲಸದ ಎಚ್-1ಬಿ, ಓದಿನ ಎಫ್-1, ಊರಿಂದ ಬರುವ ಅಪ್ಪ-ಅಮ್ಮಂದಿರ ಬಿ-2, ಇವುಗಳಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಂಥ ಕೆಲವರಿಗಷ್ಟೇ ವಿನಾಯಿತಿ. ಖಾಲಿ ಕೇಸು (ತೋಟಾದ ಕವಚ), ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಭಾಗ), ಗುಂಡು, ಸಿಡಿಮದ್ದು ಬಿಡಿಬಿಡಿಯಾಗಿದ್ದರೂ ಕಾನೂನಿನ ಲೆಕ್ಕದಲ್ಲಿ ತೋಟಾವೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ನಾನು ಇದನ್ನು ಬರೆಯಲು ಕೂತದ್ದು ಮಾತ್ರ ಮಗಳಿಂದಾಗಿ. ಎರಡು ವರ್ಷದ ತಪಾಸಣೆಯಲ್ಲಿ ಅವಳ ರಕ್ತದಲ್ಲಿ ಸೀಸ 4 ಮೈಕ್ರೋಗ್ರಾಂ ಬಂತು. ಒಂದು ಡೆಸಿಲೀಟರ್ ರಕ್ತಕ್ಕೆ 3.5 ಅಥವಾ ಹೆಚ್ಚು ಇದ್ದರೆ ಮೂಲ ಹುಡುಕಿ ಎನ್ನುತ್ತದೆ ಇಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಮೂಲ ನನ್ನ ಗ್ಯಾರೇಜು. ಅವಳು ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ನನ್ನ ಬೂಟು, ಅಂಗಿಯಲ್ಲಿ ಧೂಳು ಒಳಗೆ ಬಂದಿತ್ತು.

ಈ ಸೀಸ ಬರುವುದು ಗುಂಡಿನಿಂದ ಮಾತ್ರ ಅಲ್ಲ. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತದೆ. ಹಾರಿಸಿದ ಮೇಲೆ ಅದು ಕೇಸಿನೊಳಗೆ ಮಸಿಯಾಗಿ ಉಳಿಯುತ್ತದೆ. ಆ ಕೇಸುಗಳನ್ನು ಶುಚಿ ಮಾಡಲು ಯಂತ್ರದಲ್ಲಿ ಜೋಳದ ದಿಂಡಿನ ಪುಡಿಯೊಂದಿಗೆ ಒಣದಾಗಿ ಉರುಳಿಸಿ, ಮುಚ್ಚಳ ತೆಗೆದು ಜರಡಿ ಹಿಡಿದಾಗ ಏಳುವ ಧೂಳು ಇದೆಯಲ್ಲ, ಅದೇ ದೊಡ್ಡ ಅಪಾಯ. ನಾನು ಈಗ ನೀರಿನಲ್ಲೇ ತೊಳೆಯುತ್ತೇನೆ. ಒಣದೇ ಮಾಡುವವರು ಮನೆಯ ಹೊರಗೆ, ಸಣ್ಣ ಧೂಳನ್ನೂ ತಡೆಯುವ ಪಿ100 ಮಾಸ್ಕ್ ಹಾಕಿ ಮಾಡಿ. ಪೊರಕೆ ಬೇಡ, ಮಾಮೂಲಿ ವ್ಯಾಕ್ಯೂಮ್ ಕೂಡ ಬೇಡ, ಎರಡೂ ಧೂಳನ್ನು ಗಾಳಿಗೆ ಎಬ್ಬಿಸುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮೇಜಿನ ಪಕ್ಕ ಕಾಫಿ ಲೋಟ ಇಡಬೇಡಿ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈ, ಮುಖ ತೊಳೆದು, ಬಟ್ಟೆ ಬದಲಿಸಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಇದನ್ನೆಲ್ಲ ಯಾರಾದರೂ ಬಂದು ನೋಡುತ್ತಾರಾ? ಇಲ್ಲ. ಕಾರ್ಖಾನೆಯ ಗಾಳಿಗೆ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡುವ ಇಲ್ಲಿನ ಕೇಂದ್ರ ಸಂಸ್ಥೆ) ಹಾಕಿದ ಮಿತಿ ಇದೆ, 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಸೀಸ. ಮನೆಯ ಹವ್ಯಾಸಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನೀವೇ ಡಾಕ್ಟರ ಹತ್ತಿರ ಮನೆಯಲ್ಲಿ ತೋಟಾ ತುಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಿ, ಮನೆಯವರೆಲ್ಲರಿಗೂ ಸೀಸದ ರಕ್ತ ಪರೀಕ್ಷೆ ಕೇಳಿ. ಬಸುರಿ ಹೆಂಗಸರು ಇದ್ದರಂತೂ ತಡ ಮಾಡಬೇಡಿ.

ಗುರಿ ಅಭ್ಯಾಸದ ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೊರಡುವಾಗ ಮುಟ್ಟಲೇಬೇಡಿ. ಅದರಲ್ಲೂ ಇದೇ ಧೂಳು ಇರುತ್ತದೆ. ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಬೆಂಗಳೂರಿನಲ್ಲಿ ಇಳಿದಾಗ ಆರ್ಮ್ಸ್ ಆಕ್ಟ್ ಅಡಿ ಪೊಲೀಸ್ ಕೇಸು ಬೀಳಬಹುದು.