ಅನಾನಸಿಗೆ ಪೇರಳೆ ಜೋಡಿ, ಮೇಲೊಂದಿಷ್ಟು ಕಾಳುಮೆಣಸು

ಅನಾನಸು ಮೆಣಸ್ಕಾಯಿ ಗೊತ್ತಿಲ್ಲದ ಮನೆ ಉಡುಪಿ ಕಡೆ ಸಿಗುವುದು ಕಷ್ಟ. ಹಣ್ಣಿನ ಸಿಹಿ, ಹುಣಸೆಯ ಹುಳಿ, ಬೆಲ್ಲ, ಒಣಮೆಣಸಿನ ಖಾರ, ಹುರಿದ ಎಳ್ಳಿನ ಘಮ, ಎಲ್ಲ ಒಂದೇ ತುತ್ತಿನಲ್ಲಿ. ಬಾಳೆಲೆಯ ಮೇಲೆ ಇಷ್ಟೆಲ್ಲ ಧೈರ್ಯ ಮಾಡುವ ನಾವು ಜಾಮ್ ಮಾಡಲು ಹೊರಟರೆ ಮಾತ್ರ ಯಾಕೋ ಅಂಜುತ್ತೇವೆ. ಒಂದು ಹಣ್ಣು, ಒಂದಷ್ಟು ಸಕ್ಕರೆ, ಕೊನೆಗೆ ನಾಲ್ಕು ಹನಿ ಎಸೆನ್ಸ್. ಬಾಟಲಿ ತೆರೆದರೆ ಬರೀ ಸಿಹಿ.

ನನ್ನ ಲೆಕ್ಕ ಸರಳ: ಎರಡು ಹಣ್ಣು, ಒಂದು ಮಸಾಲೆ. ಮೂರನೇ ಹಣ್ಣು ಹಾಕಿದಿರೋ, ಯಾವುದರ ರುಚಿಯೂ ಗುರುತು ಸಿಗುವುದಿಲ್ಲ.

ಜೋಡಿ ಹುಡುಕುವುದು ಹೇಗೆ?

ಬರೀ ರುಚಿ ನೋಡಿ ಜೋಡಿ ಮಾಡಿದರೆ ಜಾಮ್ ನೀರಾಗಿ ಕೂರುತ್ತದೆ. ಜಾಮ್ ಗಟ್ಟಿಯಾಗಲು ಪೆಕ್ಟಿನ್ (ಹಣ್ಣಿನಲ್ಲೇ ಇರುವ ಅಂಟಿನಂಥ ಅಂಶ), ಹುಳಿ, ಸಕ್ಕರೆ ಮೂರೂ ಬೇಕು. ಸಕ್ಕರೆ ನಾವು ಹಾಕುತ್ತೇವೆ. ಉಳಿದೆರಡು ಹಣ್ಣಿನಿಂದಲೇ ಬಂದರೆ ಒಳ್ಳೆಯದು.

ಪೆಕ್ಟಿನ್‌ಗೆ ನಮ್ಮ ಕಡೆ ಪೇರಳೆಯಂಥ ಹಣ್ಣು ಬೇರೆ ಇಲ್ಲ. ಬೆಂಗಳೂರಿನವರು ಸೀಬೆ ಅನ್ನುತ್ತಾರಲ್ಲ, ಅದೇ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆಯಲ್ಲಿ ಬರುವ ಪೆರಾದ್ ತಿಂದಿದ್ದೀರಲ್ವಾ? ಪೇರಳೆ ತಿರುಳು, ಸಕ್ಕರೆ, ನಿಂಬೆರಸ ಸೇರಿಸಿ ಕಾಯಿಸಿದ್ದು. ಆದರೂ ಚಾಕುವಿನಲ್ಲಿ ತುಂಡು ಮಾಡುವಷ್ಟು ಗಟ್ಟಿ. ಅನಾನಸಿನ ಕಥೆ ಉಲ್ಟಾ. ಪರಿಮಳ ಬೇಕಾದಷ್ಟಿದೆ, ಹುಳಿಯೂ ಇದೆ, ಪೆಕ್ಟಿನ್ ಮಾತ್ರ ಕಡಿಮೆ. ಹಾಗಾಗಿಯೇ ಬರೀ ಅನಾನಸಿನ ಜಾಮ್ ಮಾಡುವವರು ಗಟ್ಟಿಯಾಗಲಿಲ್ಲವೆಂದು ಕಾಯಿಸಿ ಕಾಯಿಸಿ ಕೊನೆಗೆ ಹಲ್ಲಿಗಂಟುವ ಮಿಠಾಯಿ ಮಾಡಿಡುತ್ತಾರೆ. ಇವೆರಡನ್ನು ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದೇ ದಾರಿಯಲ್ಲಿ ಬೇರೆ ಜೋಡಿಗಳನ್ನೂ ಮಾಡಬಹುದು. ಪೇರಳೆಗೆ ಪುನರ್ಪುಳಿ (ಕೋಕಂ) ಹಾಕಿದರೆ ಹುಳಿಯ ಜೊತೆ ಕಡುಗೆಂಪು ಬಣ್ಣ ಪುಕ್ಕಟೆ. ಪಪ್ಪಾಯಿ ಬರೀ ಸಪ್ಪೆ ಸಿಹಿ, ಅದಕ್ಕೆ ಕಿತ್ತಳೆ ರಸ ಮತ್ತು ತುರಿದ ಸಿಪ್ಪೆ ಬೇಕು. ಹಲಸಿನ ಹಣ್ಣಿಗೆ ನಿಂಬೆ ಮತ್ತು ಶುಂಠಿ. ಹಲಸಿನ ಬೆರಟಿ (ಹಣ್ಣನ್ನು ಗಟ್ಟಿಯಾಗುವವರೆಗೆ ಕಾಯಿಸಿದ್ದು) ಮಾಡುವ ಮನೆಯವರು ಅದಕ್ಕೆ ಬೆಲ್ಲ ಹಾಕುತ್ತಾರೆ, ಜಾಮ್‌ಗೂ ಹಾಕಬಹುದು. ಹಲಸು ಬೆಲ್ಲದ ರುಚಿಗೆ ಸೋಲುವ ಹಣ್ಣಲ್ಲ. ಅನಾನಸಿಗೆ ಮಾತ್ರ ಬೆಲ್ಲ ಬೇಡ, ಬಣ್ಣವೂ ಕೆಡುತ್ತದೆ, ಪರಿಮಳವೂ ಮುಚ್ಚಿಹೋಗುತ್ತದೆ. ಅನಾನಸು, ಹಲಸು ಎರಡನ್ನೂ ಒಂದೇ ಪಾತ್ರೆಗೆ ಹಾಕಲೇಬೇಡಿ. ಯಕ್ಷಗಾನದಲ್ಲಿ ಬಣ್ಣದ ವೇಷಗಳೆರಡು, ಅಂದರೆ ಅಬ್ಬರದ ರಾಕ್ಷಸರಿಬ್ಬರು, ಒಟ್ಟಿಗೆ ರಂಗಸ್ಥಳಕ್ಕೆ ನುಗ್ಗಿದ ಹಾಗಾಗುತ್ತದೆ.

ಏನೇನು ಬೇಕು?

ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ ಅನಾನಸು 600 ಗ್ರಾಂ. ಪೇರಳೆ 500 ಗ್ರಾಂ. ಇದರಲ್ಲಿ ಅರ್ಧದಷ್ಟು ದೋರೆಗಾಯಿ ಇರಲಿ, ಪೂರ್ತಿ ಹಣ್ಣಾದಂತೆ ಪೆಕ್ಟಿನ್ ಕಡಿಮೆಯಾಗುತ್ತದೆ. ಸಕ್ಕರೆ 750 ಗ್ರಾಂ, ಎರಡು ನಿಂಬೆಯ ರಸ, ಒಂದು ಚಮಚ ಕಾಳುಮೆಣಸು, ಚಿಟಿಕೆ ಉಪ್ಪು. ದಪ್ಪ ತಳದ ಅಗಲವಾದ ಸ್ಟೀಲ್ ಪಾತ್ರೆ ಬೇಕು. ಹುಳಿ ಬೀಳುವುದರಿಂದ ಅಲ್ಯೂಮಿನಿಯಂ ಬೇಡ.

ಮಾಡುವ ಕ್ರಮ

ಮೊದಲು ಪೇರಳೆ. ಹೋಳು ಮಾಡಿ, ಬೀಜ ಸಿಪ್ಪೆ ಏನೂ ತೆಗೆಯದೆ, ಒಂದು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಜರಡಿಯಲ್ಲಿ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ತೆಗೆಯಿರಿ. ಮಿಕ್ಸಿಗೆ ಹಾಕುವ ಸೋಮಾರಿತನ ಬೇಡ, ಬೀಜ ಪುಡಿಯಾದರೆ ಬಾಯಿಗೆ ಮರಳು ಸಿಕ್ಕಿದ ಹಾಗಾಗುತ್ತದೆ. ಸುಮಾರು 400 ಗ್ರಾಂ ತಿರುಳು ಸಿಗಬೇಕು.

ಅನಾನಸಿನಲ್ಲಿ ಮುಕ್ಕಾಲು ಭಾಗ ರುಬ್ಬಿ, ಕಾಲು ಭಾಗ ಸಣ್ಣಗೆ ಹೆಚ್ಚಿ. ಅಲ್ಲಲ್ಲಿ ಹೋಳು ಸಿಕ್ಕರೇ ಮಜಾ.

ಎರಡನ್ನೂ ಸೇರಿಸಿ ಹತ್ತು ನಿಮಿಷ ಕುದಿಸಿ, ಆಮೇಲೆ ಸಕ್ಕರೆ ಹಾಕಿ. ಸಕ್ಕರೆ ಮೊದಲೇ ಹಾಕಿದರೆ ಹೋಳುಗಳು ಬೇಯದೆ ಗಟ್ಟಿಯಾಗಿಯೇ ಉಳಿಯುತ್ತವೆ. ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿ. ಕರಗಿದ ಮೇಲೆ ನಿಂಬೆರಸ, ಉಪ್ಪು ಹಾಕಿ ಉರಿ ಜೋರು ಮಾಡಿ. ಇನ್ನು ಪಾತ್ರೆ ಬಿಟ್ಟು ಹೋಗುವಂತಿಲ್ಲ. ಉದ್ದ ಹಿಡಿಯ ಸೌಟು ಹಿಡಿಯಿರಿ, ಈ ಪಾಕ ಕೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ.

ಹದ ತಿಳಿಯುವುದು ನೊರೆಯಲ್ಲಿ. ಆರಂಭದಲ್ಲಿ ಬಿಳಿ ನೊರೆ ಬುಸ್ಸೆಂದು ಮೇಲೇರುತ್ತದೆ. ಆಮೇಲೆ ಅದು ಇಳಿದು, ಗುಳ್ಳೆಗಳು ದೊಡ್ಡದಾಗಿ, ಸೋಮಾರಿಯಾಗಿ ಒಡೆಯತೊಡಗುತ್ತವೆ. ಸೌಟನ್ನು ಎತ್ತಿ ಓರೆ ಹಿಡಿಯಿರಿ. ಹನಿ ಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ. ಅಂಚಿನಲ್ಲಿ ಎರಡು ಹನಿ ಸೇರಿ ಒಂದು ಹಾಳೆಯ ಹಾಗೆ ಜಾರಿದರೆ ಆಯಿತು. ಥರ್ಮಾಮೀಟರ್ ಇದ್ದರೆ 105 ಡಿಗ್ರಿ. ಇದು ಮಂಗಳೂರು, ಉಡುಪಿಯಂಥ ಕಡಲತಡಿಯ ಲೆಕ್ಕ. ಮಡಿಕೇರಿಯಲ್ಲಿ ನೀರೇ 96 ಡಿಗ್ರಿಯ ಆಸುಪಾಸು ಕುದಿಯುತ್ತದೆ, ಅಲ್ಲಿ 101ಕ್ಕೇ ಇಳಿಸಬೇಕು. ಥರ್ಮಾಮೀಟರ್ ಇಲ್ಲದವರಿಗೆ ತಕ್ಕಡಿ ಇದೆ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಡಿ. ಈ ಅಳತೆಗೆ ಒಳಗಿನ ಜಾಮ್ ಸುಮಾರು 1,300 ಗ್ರಾಂಗೆ ಇಳಿದಾಗ ಹದ ಸರಿ ಇರುತ್ತದೆ.

ಮಸಾಲೆ ಯಾವಾಗ?

ಹೆಚ್ಚಿನವರು ಎಡವುವುದು ಇಲ್ಲಿ. ಎಲ್ಲ ಮಸಾಲೆಯನ್ನೂ ಒಂದೇ ಹೊತ್ತಿಗೆ ಹಾಕಬಾರದು. ಚಕ್ಕೆ, ಲವಂಗ ನಿಧಾನಕ್ಕೆ ರುಚಿ ಬಿಡುವಂಥವು. ಬಟ್ಟೆಯಲ್ಲಿ ಗಂಟು ಕಟ್ಟಿ ಹಣ್ಣಿನ ಜೊತೆಗೇ ಬೇಯಿಸಿ, ಕೊನೆಗೆ ಎತ್ತಿಬಿಡಿ. ಲವಂಗ ಒಳಗೇ ಉಳಿದರೆ ತಿಂಗಳು ಕಳೆಯುವಷ್ಟರಲ್ಲಿ ಜಾಮ್‌ಗೆ ಹಲ್ಲುನೋವಿನ ಎಣ್ಣೆಯ ವಾಸನೆ. ಏಲಕ್ಕಿಯ ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ, ಅದು ಒಲೆ ಆರಿಸಿದ ಮೇಲೆ. ಹಸಿ ಶುಂಠಿಯಾದರೆ ರಸ ಹಿಂಡಿ ಹತ್ತು ನಿಮಿಷ ಬಿಡಿ, ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಳಸಿ, ಇಲ್ಲದಿದ್ದರೆ ಜಾಮ್ ಮಬ್ಬಾಗುತ್ತದೆ.

ನಮ್ಮ ಕಾಳುಮೆಣಸನ್ನು ಬಾಣಲೆಯಲ್ಲಿ ಸುಮ್ನೆ ಬಿಸಿ ಮಾಡಿ, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಇಳಿಸುವ ಎರಡು ನಿಮಿಷ ಮೊದಲು ಹಾಕಿ. ನುಣ್ಣಗಿನ ಪುಡಿ ಹಾಕಿದರೆ ಜಾಮ್ ಪೂರ್ತಿ ಖಾರ. ತರಿ ಹಾಕಿದರೆ ಸಿಹಿಯ ನಡುವೆ ಎಲ್ಲೋ ಒಂದು ಕಡೆ ಚುರ್ ಅನ್ನುತ್ತದೆ, ಅಷ್ಟೇ ಸಾಕು.

ರುಚಿ ನೋಡುವುದು ಬಿಸಿಯಲ್ಲಿ ಅಲ್ಲ. ಒಂದು ತಟ್ಟೆಯನ್ನು ಮೊದಲೇ ಫ್ರೀಜರಿನಲ್ಲಿಡಿ, ಅದರ ಮೇಲೆ ಅರ್ಧ ಚಮಚ ಹಾಕಿ ಒಂದು ನಿಮಿಷ ಬಿಡಿ. ಬೆರಳಿನಿಂದ ತಳ್ಳಿದರೆ ಮೇಲ್ಮೈ ಸುಕ್ಕುಗಟ್ಟಬೇಕು. ಆಗ ನೆಕ್ಕಿ ನೋಡಿ. ಹುಳಿ ಸಾಲದಿದ್ದರೆ ಇನ್ನೂ ಅರ್ಧ ನಿಂಬೆ ಹಿಂಡಬಹುದು. ತಟ್ಟೆ ತಣ್ಣಗಾಗುವಾಗ ಒಲೆ ಆರಿಸಿಡಿ, ಇಲ್ಲದಿದ್ದರೆ ನೀವು ನೆಕ್ಕುತ್ತಿರುವಾಗ ಅಲ್ಲಿ ತಳ ಹಿಡಿದಿರುತ್ತದೆ.

ನಾನು ಒಮ್ಮೆ ಕೆಟ್ಟಿದ್ದೂ ರುಚಿ ನೋಡದೆಯೇ. ಪೇರಳೆ-ಪುನರ್ಪುಳಿ ಮಾಡೋಣವೆಂದು ಒಣ ಸಿಪ್ಪೆ ತಂದು, ನೆನೆಸಿ, ಆ ಕೆಂಪು ನೀರನ್ನು ಖುಷಿಯಿಂದ ಸುರಿದೆ. ಬಣ್ಣ ಅಂದರೆ ಬಣ್ಣ! ತಟ್ಟೆಯಲ್ಲಿ ಹಾಕಿ ನೆಕ್ಕಿದರೆ ಉಪ್ಪೋ ಉಪ್ಪು. ಕೆಡದಿರಲಿ ಎಂದು ಉಪ್ಪು ಬೆರೆಸಿ ಒಣಗಿಸಿದ ಸಿಪ್ಪೆ ಅದು, ಸಾರಿಗೆ ಸರಿ, ಜಾಮ್‌ಗಲ್ಲ. ಒಂದು ಕಿಲೋ ಪೇರಳೆ ಹೋಯಿತು. ಈಗ ಅಂಗಡಿಯಲ್ಲೇ ಒಂದು ಚೂರು ಬಾಯಿಗೆ ಹಾಕಿ ನೋಡುತ್ತೇನೆ. ಅಂಗಡಿಯವರು ಏನೂ ಅನ್ನುವುದಿಲ್ಲ.

ತುಂಬಿಡುವುದು

ಗಾಜಿನ ಬಾಟಲಿಗಳನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು, ಬಟ್ಟೆಯಲ್ಲಿ ಒರೆಸದೆ ಒಲೆಯ ಪಕ್ಕ ಕವುಚಿ ಒಣಗಿಸಿ. ಬಾಟಲಿ ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬಿ ಮುಚ್ಚಳ ಬಿಗಿ ಮಾಡಿ. ತಣ್ಣಗಿನ ಬಾಟಲಿಗೆ ಹಾಕಿದರೆ ಗಾಜು ಸೀಳುತ್ತದೆ. ಹದಕ್ಕೆ ಬಂದ ಜಾಮ್‌ನಲ್ಲಿ ಸಕ್ಕರೆಯ ಅಂಶ ನೂರಕ್ಕೆ 65ರಷ್ಟು ಇರುವುದರಿಂದ ಬೂಸ್ಟು ಸುಲಭಕ್ಕೆ ಬರುವುದಿಲ್ಲ. ಆದರೆ ನಮ್ಮ ಮಳೆಗಾಲದ ಥಂಡಿಯನ್ನು ನಂಬಬೇಡಿ. ಒಂದು ದೊಡ್ಡ ಬಾಟಲಿಗಿಂತ ನಾಲ್ಕು ಸಣ್ಣ ಬಾಟಲಿ ಲೇಸು. ತೆರೆದದ್ದು ಫ್ರಿಜ್ಜಿನಲ್ಲಿರಲಿ, ಒದ್ದೆ ಚಮಚ ಒಳಗೆ ಹೋಗದಿರಲಿ.

ಇನ್ನೊಂದು ವಿಷಯ. ಆವತ್ತೇ ತೆರೆದರೆ ಅನಾನಸು ಒಂದು ಕಡೆ, ಮೆಣಸು ಒಂದು ಕಡೆ ನಿಂತ ಹಾಗಿರುತ್ತದೆ. ಮೂರು ದಿನ ಬಿಡಿ. ನಾಲ್ಕನೇ ದಿನ ಬೆಳಿಗ್ಗೆ ನೀರುದೋಸೆ ಎರೆದು, ಕಾಯಿಚಟ್ನಿಯ ಬಟ್ಟಲಿನ ಪಕ್ಕದಲ್ಲೇ ಈ ಬಾಟಲಿಯನ್ನೂ ಇಡಿ. ನಮ್ಮನೆಯಲ್ಲಿ ಚಟ್ನಿ ಉಳಿಯುತ್ತದೆ.