ಸಣ್ಣ ವ್ಯಾಪಾರಕ್ಕೆ ಸ್ವಂತ ವೆಬ್‌ಸೈಟ್: ಮಾಡಿಕೊಳ್ಳುವುದು ಹೇಗೆ?

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಅಡಿಕೆ ಹಾಳೆಯ ತಟ್ಟೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇವನ್ನು ಮಾಡಿ ಮಾರುವವರಲ್ಲಿ ಅನೇಕರಿಗೆ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಜಾಹೀರಾತು. ಅದು 24 ತಾಸಿಗೆ ಅಳಿದುಹೋಗುತ್ತದೆ. ಬೇರೆಯವರು ಕೊಟ್ಟ ಉಚಿತ ಪುಟವನ್ನೂ ನೆಚ್ಚಿಕೊಳ್ಳುವಂತಿಲ್ಲ: ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ, ಮ್ಯಾಪಿನಲ್ಲಿ ಕಾಣುವ ವ್ಯಾಪಾರದ ವಿವರ) ಮೂಲಕ ಮಾಡಿಕೊಂಡಿದ್ದ ಉಚಿತ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಆ ವಿಳಾಸವನ್ನು ಲೇಬಲ್ ಮೇಲೆ ಅಚ್ಚು ಹಾಕಿಸಿದ್ದವರ ಲೇಬಲ್ ದಂಡವಾಯಿತು.

ಆದ್ದರಿಂದ ಮೊದಲ ಕೆಲಸ ಡೊಮೈನ್, ಅಂದರೆ ಸೈಟಿನ ಹೆಸರು, ಕೊಳ್ಳುವುದು. ವರ್ಷಕ್ಕೆ ಸುಮಾರು 600ರಿಂದ 1,200 ರೂಪಾಯಿ. ಮೊದಲ ವರ್ಷ 99 ರೂಪಾಯಿ ಎಂಬ ಆಫರ್ ಕಂಡರೆ ಎರಡನೇ ವರ್ಷದ ದರ ನೋಡಿಯೇ ಹಣ ಕಟ್ಟಿ. ಹೆಸರು ಚಿಕ್ಕದಿರಲಿ, ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ. ಎಲ್ಲಕ್ಕಿಂತ ಮುಖ್ಯ, ಖಾತೆ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರಿನಲ್ಲಿರಬೇಕು. ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿದ್ದರೆ ಅವನು ಊರು ಬಿಟ್ಟ ದಿನ ನಿಮ್ಮ ವಿಳಾಸವೂ ಅವನೊಟ್ಟಿಗೆ ಹೋಗುತ್ತದೆ.

ಪುಟ ಕಟ್ಟಲು ದೊಡ್ಡ ಖರ್ಚು ಬೇಡ. ಗೂಗಲ್ ಸೈಟ್ಸ್ ಉಚಿತ, ಅದಕ್ಕೆ ನಿಮ್ಮ ಡೊಮೈನ್ ಜೋಡಿಸಬಹುದು. ಮುಂದೆ ಅದೂ ನಿಂತರೆ ಅದೇ ಹೆಸರನ್ನು ಬೇರೆ ಕಡೆಗೆ ತಿರುಗಿಸಿಕೊಂಡರಾಯಿತು. ಒಂದೇ ಪುಟ ಸಾಕು: ಏನು ಸಿಗುತ್ತದೆ, ತೂಕವೆಷ್ಟು, ದರವೆಷ್ಟು, ಕೊರಿಯರ್ ಖರ್ಚು ಸೇರಿದೆಯೋ ಇಲ್ಲವೋ, ಯಾವ ತಿಂಗಳು ಸಿಗುವುದಿಲ್ಲ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲಿ.

ಬಹಳ ಜನ ಎಡವುವುದು ಇಲ್ಲಿ: ಪ್ರೆಸ್‌ನಲ್ಲಿ ಮಾಡಿಸಿದ ಪಾಂಪ್ಲೆಟ್‌ನ ಚಿತ್ರವನ್ನೇ ಪುಟಕ್ಕೆ ಅಂಟಿಸುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ನೆಚ್ಚಿ ಹುಡುಕಾಟದಲ್ಲಿ ಸಿಗುತ್ತೇವೆ ಎಂದುಕೊಳ್ಳಬೇಡಿ. ಪ್ರೆಸ್‌ನ ಹಳೆಯ ನುಡಿ, ಬರಹ ಫಾಂಟಿನ ಸಾಲುಗಳನ್ನು ನಕಲು ಮಾಡಿ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊಬೈಲ್ ಕೀಬೋರ್ಡಿನಲ್ಲಿ ಯೂನಿಕೋಡ್ (ಯಾವ ಫೋನಿನಲ್ಲೂ ಸರಿಯಾಗಿ ಕಾಣುವ) ಕನ್ನಡದಲ್ಲೇ ಟೈಪ್ ಮಾಡಿ. ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಇದ್ದರೆ ಹೊರರಾಜ್ಯದವರಿಗೂ ಅನುಕೂಲ.

ಇನ್ನು ಫೋಟೊ. ಫೋನಿನಲ್ಲಿ ತೆಗೆದ ಒಂದು ಚಿತ್ರ ಸಾಧಾರಣ 4 ಎಂಬಿ. ಅಂಥ ಹತ್ತು ಹಾಕಿದರೆ ಪುಟ 40 ಎಂಬಿ, ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ಅದು ತೆರೆಯುವ ಹೊತ್ತಿಗೆ ನೋಡುವವರು ಬೇಸತ್ತಿರುತ್ತಾರೆ. ಅಗಲವನ್ನು 1,200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದನ್ನು 150 ಕೆಬಿ ಆಸುಪಾಸಿಗೆ ತಂದರೆ ಹತ್ತೂ ಸೇರಿ 1.5 ಎಂಬಿ. ಮಳೆಗಾಲದ ಮಬ್ಬಿನಲ್ಲಿ ಒಳಗೆ ತೆಗೆದ ಚಿತ್ರ ಕಪ್ಪಾಗುತ್ತದೆ. ಭರಣಿಯನ್ನು ಜಗಲಿಗೆ ತಂದು, ಫ್ಲ್ಯಾಶ್ ಆರಿಸಿ ತೆಗೆಯಿರಿ.

ಒತ್ತಿದರೆ ನಿಮ್ಮ ಜೊತೆ ಚಾಟ್ ತೆರೆಯುವ ವಾಟ್ಸ್‌ಆ್ಯಪ್ ಲಿಂಕ್ ಕೊಡುವಾಗ ನಂಬರಿನ ಮುಂದೆ 91 ಇರಬೇಕು. ಪ್ಲಸ್ ಚಿಹ್ನೆ, ನಂಬರಿನ ಮೊದಲಿಗೆ ಸೊನ್ನೆ, ನಡುವೆ ಖಾಲಿ ಜಾಗ ಇದ್ದರೆ ಲಿಂಕ್ ಕೆಲಸ ಮಾಡದೇ ಹೋಗಬಹುದು. ಹಾಕಿದ ಮೇಲೆ ಬೇರೆಯವರ ಫೋನಿನಿಂದ ಒತ್ತಿ ನೋಡಿ.

ಹೋಂಸ್ಟೇ ನಡೆಸುವವರು ದಾರಿಯ ವಿವರಕ್ಕೆ ಹೆಚ್ಚು ಗಮನ ಕೊಡಬೇಕು. ಮ್ಯಾಪಿನ ಪಿನ್ ಜೊತೆಗೆ, ಸಿಗ್ನಲ್ ಎಲ್ಲಿ ಹೋಗುತ್ತದೆ, ಆಮೇಲೆ ಯಾವ ತಿರುವು ಎಂದು ಬರೆಯಿರಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಬಂದಾಗ ಅದೇ ದಿನ ಪುಟದ ತಲೆಯಲ್ಲಿ ಹಾಕಿ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಸಿಗಂದೂರು ಕಡೆಯವರ ಪುಟದಲ್ಲಿ ಇನ್ನೂ ಹಿನ್ನೀರು ದಾಟುವ ಲಾಂಚ್ ಸಮಯವೇ ಇದ್ದರೆ, ಅದನ್ನು ಓದಿದವರು ಉಳಿದ ಮಾಹಿತಿಯನ್ನೂ ನಂಬುವುದಿಲ್ಲ.

ಕೊನೆಗೆ, ಸೈಟ್ ಇದೆಯೆಂದು ಗೂಗಲ್ ಹುಡುಕಾಟಕ್ಕೆ ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ, ಬಿಸಿನೆಸ್ ಪ್ರೊಫೈಲ್‌ನಲ್ಲೂ ಅದೇ ವಿಳಾಸ ಕೊಡಿ. ಹುಡುಕಾಟದಲ್ಲಿ ಕಾಣಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಡೊಮೈನ್ ನವೀಕರಣದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮೊದಲೇ ಗುರುತು ಹಾಕಿ. ಗಡುವು ದಾಟಿದರೆ ದಂಡ ಕಟ್ಟಬೇಕಾಗಬಹುದು, ಇನ್ನೂ ತಡವಾದರೆ ಆ ಹೆಸರನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು.